ಮಿರೆಲ್ಲಾಳ ಪೀಪಾಯಿ

ಗೌದೆನ್ಸಿಯೋ ಮಗನಿಗೆ ಹೆಣ್ಣು ನೋಡಿದಾಗ ಹುಡುಗಿಯ ಮುಖ ನೋಡಲಿಲ್ಲ, ಭುಜ ನೋಡಿದ. ಇದು ಊರಿಗೆಲ್ಲ ಗೊತ್ತಿರುವ ಮಾತು. ನಮ್ಮ ಗುಡ್ಡಗಳ ಹುಡುಗಿಯರು ರೈತರನ್ನು ಕಟ್ಟಿಕೊಳ್ಳಲು ಒಲ್ಲೆವೆಂದು ತೂರಿನ್ನಿನ ಕಾರ್ಖಾನೆಗಳ ದಾರಿ ಹಿಡಿದಿದ್ದ ಕಾಲ ಅದು. ಮದುವೆ ದಲ್ಲಾಳಿಗಳು ರೈಲು ಹತ್ತಿ ದೇಶದ ದಕ್ಷಿಣ ತುದಿಯ ಕಲಾಬ್ರಿಯಾದಿಂದ ಹೆಣ್ಣು ತರುತ್ತಿದ್ದರು. ಹಾಗೆ ಬಂದವಳು ಸವೇರಿಯಾ. ಹತ್ತೊಂಬತ್ತರ ಹುಡುಗಿ ನಮ್ಮ ಪೇಟೆ ಆಲ್ಬಾದ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಗೌದೆನ್ಸಿಯೋ ಜೇಬಿನಿಂದ ಗಂಟು ಹಾಕಿದ ದಾರವೊಂದನ್ನು ತೆಗೆದು ಅವಳ ಬೆನ್ನ ಮೇಲೆ ಭುಜದಿಂದ ಭುಜಕ್ಕೆ ಹಿಡಿದ.

“ಇಲ್ಲಿ ಚಳಿ ಜಾಸ್ತಿ. ಕೋಟು ಹೊಲಿಸ್ಬೇಕು,” ಅಂದ.

ಹುಡುಗಿ ಕೋಟಿನ ಆಸೆಗೆ ನೆಟ್ಟಗೆ ನಿಂತಳು. ಗೌದೆನ್ಸಿಯೋ ದಾರ ಮಡಚಿ, ಮಗನ ಕಡೆ ತಿರುಗಿ, “ಆಗ್ತಾಳೆ” ಅಂದ. ಆ ದಾರ ಅವನ ನೆಲಮಾಳಿಗೆಯ ಪೀಪಾಯಿಗಳ ಕಿಂಡಿಬಾಗಿಲಿನ ಅಳತೆ. ಆಳೆತ್ತರವನ್ನೂ ಮೀರಿದ ಆ ಓಕ್ ಪೀಪಾಯಿಗಳಿಂದ ವೈನು ಇಳಿಸಿದ ಮೇಲೆ ಯಾರಾದರೂ ಒಳಗೆ ಹೊಕ್ಕು ಉಜ್ಜಬೇಕು. ಬುಡದ ಕಿಂಡಿಯಲ್ಲಿ ಗಂಡಸಿನ ಭುಜ ತೂರುವುದಿಲ್ಲ. ಮೊದಲು ಆ ಕೆಲಸ ಮಾಡುತ್ತಿದ್ದ ಅವನ ತಂಗಿ ಮಠ ಸೇರಿ ಸನ್ಯಾಸಿನಿಯಾಗಿದ್ದಳು. ಅವಳ ಜಾಗಕ್ಕೆ ಸೊಸೆ ಬಂದಳು. ಕೋಟು ಬರಲಿಲ್ಲ.

ಅಲ್ಲಿಂದ ಹದಿನೈದು ವರ್ಷ, ದ್ರಾಕ್ಷಿ ಕೊಯ್ಲಿಗೆ ಮುಂಚೆ, ಸವೇರಿಯಾ ಒಂದು ಕೈ ಮುಂದೆ ಚಾಚಿ, ತಲೆ ಓರೆ ಮಾಡಿ ಪೀಪಾಯಿಯೊಳಗೆ ತೆವಳಿದಳು. ಮೇಣದಬತ್ತಿಯ ಬೆಳಕಿನಲ್ಲಿ ಹಲಗೆಗೆ ಕಚ್ಚಿದ ವೈನಿನ ಹರಳು ಕೆರೆದಳು, ಗಸಿ ಬಳಿದಳು. ಖಾಲಿ ಪೀಪಾಯಿ ಅವಳದು. ತುಂಬಿದ ಪೀಪಾಯಿಯ ಹತ್ತಿರ ಮಾತ್ರ ಅವಳು ಸುಳಿಯಬಾರದು. ತಿಂಗಳ ಆ ದಿನಗಳಲ್ಲಂತೂ ನೆಲಮಾಳಿಗೆಯ ಮೆಟ್ಟಿಲನ್ನೂ ತುಳಿಯಬಾರದು, ಮುಟ್ಟಾದ ಹೆಂಗಸಿನ ಉಸಿರು ತಾಗಿದರೆ ವೈನು ಹುಳಿಯುತ್ತದೆ. ನಮ್ಮ ಕಡೆಯ ಹಳೇ ಕಟ್ಟಳೆ ಇದು. ಕಟ್ಟಳೆ ಮಾಡಿದವನು ಯಾವತ್ತೂ ಪೀಪಾಯಿ ಉಜ್ಜಿದವನಲ್ಲ ಅನ್ನುವುದಂತೂ ಖಾತ್ರಿ.

ಸವೇರಿಯಾಳ ಮಗಳು ಮಿರೆಲ್ಲಾ ಹುಟ್ಟಿದ್ದು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ. ಆ ವರ್ಷದ ನೆಬ್ಬಿಯೋಲೋ ದ್ರಾಕ್ಷಿಯ ವೈನು ಬಾಯಿಗಿಟ್ಟರೆ ನಾಲಿಗೆ ಒಣಗಿ ಒಸಡು ಬಿಗಿಯುವಷ್ಟು ಒಗರು. ಅಂಥ ಒಗರು ಮೆತ್ತಗಾಗಲು ವರ್ಷಗಟ್ಟಲೆ ಮರದೊಳಗೆ ಮಲಗಬೇಕು. ಗೌದೆನ್ಸಿಯೋ ಒಂದು ಪೀಪಾಯಿಯ ಹಣೆಗೆ ಸೀಮೆಸುಣ್ಣದಲ್ಲಿ ಮಗುವಿನ ಹೆಸರು ಬರೆದು ಪ್ರತಿಜ್ಞೆ ಮಾಡಿದ್ದ: “ಇದು ಮೊಮ್ಮಗಳದು. ಅವಳು ದೊಡ್ಡವಳಾಗೋ ತನಕ ಯಾರೂ ಮುಟ್ಟಂಗಿಲ್ಲ. ಬೇರೆ ವರ್ಷದ ಒಂದು ಹನಿಯೂ ಇದಕ್ಕೆ ಬೀಳಬಾರದು.” ಮರ ತಾನೂ ಸ್ವಲ್ಪ ಕುಡಿಯುತ್ತದೆ. ಖಾಲಿ ಬಿಟ್ಟಷ್ಟೂ ಗಾಳಿ ಸೇರಿ ವೈನು ಕೆಡುತ್ತದೆ. ಅದಕ್ಕೇ ಮೇಲೆ ತುಂಬಿಸುತ್ತಿರಲು ಅದೇ ವೈನನ್ನು ಗಾಜಿನ ಬುಡ್ಡಿಗಳಲ್ಲಿ ಬೇರೆ ಎತ್ತಿಟ್ಟಿದ್ದ. ಮಿರೆಲ್ಲಾ ಅಜ್ಜನ ಹೆಗಲ ಮೇಲೆ ಕೂತು ಆ ಪೀಪಾಯಿ ತಟ್ಟುತ್ತ ಬೆಳೆದಳು.

ಎಪ್ಪತ್ತೈದರ ಜೂನಿನಲ್ಲಿ ಅವಳು ಮೈನೆರೆದಳು. ಮಾರನೆಯ ದಿನದಿಂದ ನೆಲಮಾಳಿಗೆ ಅವಳಿಗೂ ಮುಚ್ಚಿತು.

ಹುಡುಗಿಗೆ ಆಲ್ಬಾದಲ್ಲಿ ದ್ರಾಕ್ಷಿ, ವೈನು ಕಲಿಸುವ ಶಾಲೆಗೆ ಸೇರುವ ಹಟ. ಸವೇರಿಯಾಳಿಗೆ ಮಗಳಿಗಿಂತ ಹೆಚ್ಚು ಹಟ. ಅಪ್ಪ ಎವಾಸಿಯೋ ಒಂದು ದಿನ ಬಸ್ಸು ಹತ್ತಿ ಹೋಗಿ ಹೆಸರು ಬರೆಸಿ ಬಂದರೆ ಅಕ್ಟೋಬರಿನಲ್ಲಿ ಶಾಲೆ ಶುರು. ಎವಾಸಿಯೋ ಆಲ್ಬಾದ ಮಿಠಾಯಿ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು, ಶಾಲೆಯ ಮುಂದೆಯೇ ದಿನಾ ಹಾದುಹೋಗುವವನು. ಆದರೂ ಒಳಗೆ ಕಾಲಿಟ್ಟಿರಲಿಲ್ಲ. “ಅಪ್ಪನ್ನ ಒಂದು ಮಾತು ಕೇಳ್ಬೇಕು” ಅನ್ನುತ್ತ ಬೇಸಿಗೆ ಕಳೆದಿದ್ದ.

ಆಗಸ್ಟ್ ಕೊನೆಯಲ್ಲಿ ವೈನು ದಲ್ಲಾಳಿ ಕ್ಲೆಮೆಂತೆ ಬಂದ. ಮಿರೆಲ್ಲಾಳ ಪೀಪಾಯಿ ತೆಗೆಯುವ ದಿನ. ಗೌದೆನ್ಸಿಯೋ ಹೊಸ ಅಂಗಿ ತೊಟ್ಟು, ಕೀಲಿ ತಿರುಗಿಸಿ, ದಲ್ಲಾಳಿಯನ್ನು ಕರೆದುಕೊಂಡು ಕೆಳಗಿಳಿದ. ಲೋಟಕ್ಕೆ ಬಿಟ್ಟ ವೈನಿಗೆ ಕಳೆಯಿರಲಿಲ್ಲ. ಕ್ಲೆಮೆಂತೆ ಒಂದು ಗುಟುಕು ಬಾಯಲ್ಲಿ ಆಡಿಸಿ ಥೂ ಎಂದು ನೆಲಕ್ಕೆ ಉಗಿದ.

“ಏನಯ್ಯಾ ಇದು?”

“ಏನು?”

“ನೀನೇ ಕುಡಿದು ನೋಡು.”

ಗೌದೆನ್ಸಿಯೋ ಕುಡಿದ. ಒಗರಿಲ್ಲ, ಹುಳಿಯಿಲ್ಲ. ಸುಣ್ಣದ ತಿಳಿಯಂಥ ಸಪ್ಪೆ, ನುಂಗಿದ ಮೇಲೆ ಇಲಿ ವಾಸನೆ. ಅವನ ಮುಖದ ಬಣ್ಣ ಇಳಿಯಿತು. ಅಷ್ಟರಲ್ಲಿ ಬ್ರೆಡ್ಡು, ಸಲಾಮಿಯ ತಟ್ಟೆ ಹಿಡಿದ ಮಿರೆಲ್ಲಾ ಬಾಗಿಲಲ್ಲಿ ಕಾಣಿಸಿಕೊಂಡಳು.

“ನೋಡು, ಇವಳೇ,” ಅಂದ ಮುದುಕ. “ಜೂನಲ್ಲಿ ದೊಡ್ಡವಳಾದ್ಳು. ಅವತ್ತೇ ದೀಪ ಹಿಡ್ಕೊಂಡು ಇಲ್ಲಿಗೆ ಇಳಿದಿದ್ಳು. ಬೇಡ ಅಂದ್ರೆ ಕೇಳೋ ಜಾತಿನಾ? ಅವಳ ಪೀಪಾಯಿನ ಅವಳೇ ಕೆಡಿಸ್ಕೊಂಡ್ಳು.”

ಹದಿನಾಲ್ಕು ವರ್ಷದ ಹುಡುಗಿಯ ಮೈಯ ವಿಷಯವನ್ನು ಪರಗಂಡಸಿನ ಮುಂದೆ ಸಂತೆಯ ಸರಕಿನ ಹಾಗೆ ಬಿಚ್ಚಿಟ್ಟ. ಕ್ಲೆಮೆಂತೆ ಕೆಮ್ಮಿ ತನ್ನ ಬೂಟು ನೋಡಿಕೊಂಡ. ಮಿರೆಲ್ಲಾ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಓಡಿದಳು.

ಅವತ್ತು ಸಂಜೆ ಸವೇರಿಯಾಳ ಅತ್ತೆ ಮಾರ್ಚೆಲ್ಲಿನಾ ಪೊಲೆಂತ ಮಾಡಿದ್ದಳು. ಆ ಮೆಕ್ಕೆಜೋಳದ ಮುದ್ದೆಯನ್ನು ಹಲಗೆಗೆ ಸುರಿದು ದಾರದಲ್ಲಿ ಕೊಯ್ದು ಬಡಿಸುತ್ತಿದ್ದಾಗ ಸವೇರಿಯಾ ಕೂರದೆ ನಿಂತೇ ಕೇಳಿದಳು.

“ಮಾವ, ಹುಡುಗಿ ವಿಷಯ ಹೊರಗಿನವರ ಮುಂದೆ ಯಾಕೆ ಆಡಿದ್ರಿ?”

“ಇದ್ದಿದ್ದು ಇದ್ದಂಗೆ ಹೇಳೋಕೆ ನಿನ್ನ ಅಪ್ಪಣೆ ಬೇಕಾ?”

“ತಾತ,” ಅಂದಳು ಮಿರೆಲ್ಲಾ, ತಟ್ಟೆಯಿಂದ ತಲೆ ಎತ್ತದೆ. “ಮುಟ್ಟಾದವಳು ಹೋದ್ರೆ ವೈನು ಹುಳಿಯುತ್ತೆ ಅಂತೀರಿ. ಇದು ಹುಳಿದಿಲ್ಲ. ಇದ್ದ ಹುಳಿನೂ ಸತ್ತೋಗಿದೆ.”

“ನೀನು ಯಾವಾಗ ಕುಡಿದೆ?”

“ಲೋಟ ತೊಳೆದಿದ್ದು ಯಾರು?”

“ನಾಲಿಗೆ ನೋಡು ನಾಲಿಗೆ. ಅಪ್ಪಟ ಕಲಾಬ್ರಿಯಾದ ಮಾಲು.”

ಎವಾಸಿಯೋ ಪೊಲೆಂತಕ್ಕೆ ಬೆಣ್ಣೆ ಸವರುತ್ತಿದ್ದ. ಸವೇರಿಯಾ ಅವನ ಕಡೆ ತಿರುಗಿದಳು. “ನಿಮ್ಮ ಬಾಯಲ್ಲಿರೋದು ಪೊಲೆಂತನಾ, ಬೀಗನಾ?”

“ಊಟದ ಹೊತ್ತಲ್ಲಿ ಬೇಡ ಕಣೇ.”

“ಇನ್ಯಾವ ಹೊತ್ತು? ಪಾಳಿ ಮುಗಿಸಿ ಬಂದ್ರೆ ನಿದ್ದೆ, ನಿದ್ದೆ ಮುಗಿದ್ರೆ ಪಾಳಿ. ನಿಮಗೆ ಮಗಳಿದಾಳೆ ಅನ್ನೋದನ್ನ ನಾನು ಯಾವ ಹೊತ್ತಲ್ಲಿ ನೆನಪಿಸ್ಲಿ?”

“ಇನ್ನೊಂದು ಮಾತು,” ಎಂದ ಗೌದೆನ್ಸಿಯೋ ಚಾಕುವಿನಿಂದ ಮೇಜು ಕುಟ್ಟುತ್ತ. “ವೈನು ಕೆಡಿಸೋಳು ವೈನು ಸ್ಕೂಲಿಗೆ ಹೋಗೋದಂತೆ. ಜನ ಹಲ್ಲು ಬಿಡ್ತಾರೆ. ಎವಾಸಿಯೋ, ನೀನು ಆ ಸ್ಕೂಲಿನ ಕಡೆ ತಲೆ ಹಾಕ್ಬೇಡ. ಈ ಮನೆ ಕೀಲಿ ಹೆಂಗಸಿನ ಕೈಗೆ ಹೋಗೋದು ನನ್ನ ಹೆಣ ಹೋದ್ಮೇಲೆ.”

“ಅತ್ತೆ, ನೀವಾದ್ರೂ ಒಂದು ಮಾತು ಹೇಳಿ,” ಎಂದಳು ಸವೇರಿಯಾ.

ಮಾರ್ಚೆಲ್ಲಿನಾಳ ಕೈಯಲ್ಲಿದ್ದ ದಾರ ಮುದ್ದೆಯ ಮಧ್ಯದಲ್ಲಿ ನಿಂತಿತು. “ನನಗೇನು ಗೊತ್ತು,” ಅಂದಳು. “ಆರೋಗುತ್ತೆ, ತಿನ್ನಿ.” ಆ ದಿನದ ಪೊಲೆಂತಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು.

ದಲ್ಲಾಳಿಯ ಬಾಯಿಗೆ ಮುಚ್ಚಳ ಎಲ್ಲಿಂದ ಬರಬೇಕು? ವಾರ ಕಳೆಯುವುದರಲ್ಲಿ ಸುದ್ದಿ ಗುಡ್ಡದ ಎರಡೂ ಇಳಿಜಾರು ಹತ್ತಿ ಇಳಿಯಿತು. ಮಿರೆಲ್ಲಾ ಬ್ರೆಡ್ಡಿಗೆಂದು ಬೇಕರಿಗೆ ಹೋದರೆ ಅಂಗಡಿಯಾಕೆ ನಗುನಗುತ್ತಲೇ, “ಅಲ್ಲೇ ನಿಂತ್ಕೋ ಮರಿ, ಹಿಟ್ಟು ಉಬ್ಬೋಕೆ ಇಟ್ಟಿದೀನಿ” ಅಂದಳು. ಪಕ್ಕದ ತೋಟದವರು ಪ್ರತಿವರ್ಷ ಅವಳನ್ನು ಕೊಯ್ಲಿಗೆ ಕರೆಯುತ್ತಿದ್ದವರು, ಈ ಸಲ ಜನ ಸಾಕು ಎಂದರು. ಮಿರೆಲ್ಲಾ ಮನೆಗೆ ಬಂದು ಬ್ರೆಡ್ಡನ್ನು ಮೇಜಿನ ಮೇಲೆ ಎಸೆದು ಅಳತೊಡಗಿದಳು.

“ಅಳಬೇಡ,” ಎಂದಳು ಸವೇರಿಯಾ. “ನೀನು ಅತ್ರೆ ಹೌದು ಅಂದಂಗೆ.”

“ಹೌದೇ ಇರ್ಬೋದಲ್ಲಮ್ಮ. ಅವತ್ತು ನಾನು ನಿಜವಾಗ್ಲೂ ಇಳಿದಿದ್ದೆ. ತಾತ ಮೇಲಿನಿಂದ ತುಂಬಿಸ್ತಿದ್ರು, ನೋಡೋಣ ಅಂತ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಬೈದು ಓಡಿಸಿದ್ರು.”

ಸವೇರಿಯಾ ಮಗಳ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ತಾನೇ ಅವಳನ್ನು ಎದೆಗೆ ಒತ್ತಿಕೊಂಡು, “ಇನ್ನೊಂದ್ಸಲ ಆ ಮಾತು ಬಂದ್ರೆ ಹಲ್ಲು ಉದುರಿಸ್ತೀನಿ” ಅಂದಳು. ಊರು ಅಂದದ್ದಕ್ಕಿಂತ ಮಗಳು ಅದನ್ನು ನಂಬತೊಡಗಿದ್ದು ಅವಳ ಹೊಟ್ಟೆ ಉರಿಸಿತು.

ಅವತ್ತಿನಿಂದ ಅವಳು ಮಾವನ ಬಟ್ಟೆ ಒಗೆಯುವುದು ಬಿಟ್ಟಳು. ಭಾನುವಾರ ಪೂಜೆಗೆ ಹೊರಟ ಗೌದೆನ್ಸಿಯೋ ಒಗೆದ ಅಂಗಿಯಿಲ್ಲದೆ ಕೂಗಾಡಿದ.

“ನನ್ನ ಅಂಗಿ ಎಲ್ಲಿ?”

“ಬುಟ್ಟಿಲಿದೆ. ನಾನು ಮುಟ್ಟಾಗಿದೀನಿ ಮಾವ. ಮುಟ್ಟಿದ್ರೆ ಹುಳಿದೀತು.”

“ಹೋದ ವಾರನೂ ಅದೇ ಅಂದೆ.”

“ಏನ್ಮಾಡ್ಲಿ, ಈ ಸಲ ನಿಲ್ತಾನೇ ಇಲ್ಲ.”

ಮಿರೆಲ್ಲಾ ಎಷ್ಟೋ ದಿನಗಳ ಮೇಲೆ ನಕ್ಕಳು. ಮಾರ್ಚೆಲ್ಲಿನಾ ಮುಸುಡು ತಿರುಗಿಸಿ ಒಲೆಗೆ ಸೌದೆ ತುರುಕಿದಳು. ಮುದುಕ ಬೆವರು ಹತ್ತಿದ ಅಂಗಿಯಲ್ಲೇ ಚರ್ಚಿಗೆ ಹೋದ.

ಸೆಪ್ಟೆಂಬರಿನಲ್ಲಿ ಬಟ್ಟಿ ಇಳಿಸುವವನು ಬಂದು ಕೆಟ್ಟ ವೈನನ್ನು ಹೊತ್ತುಕೊಂಡು ಹೋದ. ಕೊನೆಗೆ ನಲ್ಲಿಯಲ್ಲಿ ಬಿಳಿ ಕೆಸರು ಬಂತು. ಅವನು ಏನೋ ಕೇಳಹೊರಟ. ಗೌದೆನ್ಸಿಯೋ ಅವನ ಬೆನ್ನು ತಟ್ಟಿ ಮೇಲಕ್ಕೆ ಸಾಗಹಾಕಿದ. ಮಧ್ಯಾಹ್ನ ಸಾರು ಕುಡಿಯುತ್ತ ಎಲ್ಲರಿಗೂ ಕೇಳುವಂತೆ ಹೇಳಿದ: “ಆ ಪೀಪಾಯಿ ಅಪಶಕುನ. ಈ ಸಲ ತುಂಬಲ್ಲ. ಚಳಿಗಾಲದಲ್ಲಿ ಒಡೆದು ಸೌದೆ ಮಾಡ್ತೀನಿ.”

ಸವೇರಿಯಾಳ ಚಮಚ ಅರ್ಧದಲ್ಲಿ ನಿಂತಿತು. ದಾರಿಯಲ್ಲಿ ಸೊಟ್ಟ ಮೊಳೆ ಸಿಕ್ಕರೆ ಕಲ್ಲ ಮೇಲೆ ಕುಟ್ಟಿ ನೆಟ್ಟಗೆ ಮಾಡಿ ಜೇಬಿಗಿಳಿಸುವ ಆಸಾಮಿ ಅವನು. ಅವನಪ್ಪ ಮಾಡಿಸಿದ ಓಕ್ ಪೀಪಾಯಿ ಅದು. ಅದನ್ನು ಒಲೆಗೆ ಹಾಕುತ್ತಾನಂತೆ.

“ಮಾವ, ತೊಳೆದ್ರೆ ಸರಿಹೋಗುತ್ತೆ. ನಾನು ಒಳಗೆ ಹೋಗ್ತೀನಿ.”

“ಬೇಡ ಅಂದ್ನಲ್ಲ.”

“ಹದಿನೈದು ವರ್ಷದಲ್ಲಿ ಪೀಪಾಯಿ ಉಜ್ಜಬೇಡ ಅಂದಿದ್ದು ಇದೇ ಮೊದಲು.”

“ಬೇಡ ಅಂದ್ರೆ ಬೇಡ,” ಎಂದು ಬಟ್ಟಲು ತಳ್ಳಿ ಎದ್ದುಹೋದ.

ಆ ಶನಿವಾರ ಅವನು ಕೊಯ್ಲಿನ ಆಳುಗಳನ್ನು ಗೊತ್ತುಮಾಡಲು ಆಲ್ಬಾದ ಸಂತೆಗೆ ಹೊರಟ. ಉಳಿದ ತೊಟ್ಟಿ, ಪೀಪಾಯಿಗಳನ್ನು ತೊಳೆದಿಡಲು ಬೇರೆ ದಾರಿಯಿಲ್ಲದೆ ಸೊಂಟದ ಕೀಲಿಯನ್ನು ಮಗನ ಕೈಗೆ ಕೊಟ್ಟ. “ಮಿರೆಲ್ಲಾದು ಮಾತ್ರ ಮುಟ್ಬೇಡಿ,” ಎಂದು ಎರಡು ಸಲ ಹೇಳಿದ.

ಬಸ್ಸು ತಿರುವಿನಲ್ಲಿ ಮರೆಯಾದದ್ದೇ ಸವೇರಿಯಾ ಬಕೀಟು, ಬ್ರಷ್ಷು, ಮೇಣದಬತ್ತಿ ಹಿಡಿದು ಇಳಿದಳು. ನೇರ ಮಗಳ ಹೆಸರಿದ್ದ ಪೀಪಾಯಿಯ ಮುಂದೆ ಮಂಡಿಯೂರಿದಳು.

“ಅಪ್ಪ ಬೇಡ ಅಂದಿದಾರೆ,” ಎಂದ ಎವಾಸಿಯೋ.

“ಅದಕ್ಕೇ ಹೋಗ್ತಿರೋದು.”

ಮೊದಲು ಮೇಣದಬತ್ತಿಯನ್ನು ಒಳಗೆ ಚಾಚಿ ನೋಡಿದಳು, ಆರಲಿಲ್ಲ. ಒಳಗಿನ ಗಾಳಿ ಸರಿಯಿದೆ ಎಂದಾಯಿತು. ಮೂವತ್ತನಾಲ್ಕರ ಭುಜ ಹತ್ತೊಂಬತ್ತರ ಭುಜವಲ್ಲ. ಈಚೆಗೆ ಪ್ರತಿ ಸಲವೂ ಕಿಂಡಿಯ ಅಂಚಿಗೆ ಚರ್ಮ ತರಚುತ್ತಿತ್ತು. ಉಸಿರು ಬಿಟ್ಟು, ನುಲಿದು, ಒಳಗೆ ಸೇರಿದಳು. ಊರಿದ ಅಂಗೈಗೆ ಹಲಗೆ ಸಿಗಲಿಲ್ಲ. ಬುಡದ ತುಂಬ ಕಲ್ಲು ಬಿದ್ದಿತ್ತು. ಮೇಲಿನ ತೂತಿನಿಂದ ಬೀಳಿಸಬಹುದಾದ, ಮೊಟ್ಟೆಯಷ್ಟು ಗಾತ್ರದ ಬಿಳಿ ಕಲ್ಲುಗಳು. ಎತ್ತಿ ನೋಡಿದರೆ ಮೈಯೆಲ್ಲ ಕೊರೆದುಹೋಗಿತ್ತು, ಉಜ್ಜಿದರೆ ಬೆರಳಿಗೆ ಸುಣ್ಣ ಹತ್ತುತ್ತಿತ್ತು.

ಸವೇರಿಯಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತುಂಬಿಸಲು ಅದೇ ವೈನು ಉಳಿಯದಿದ್ದರೆ ನಮ್ಮ ಕಡೆ ಪೀಪಾಯಿಗೆ ಕಲ್ಲು ಹಾಕುವುದುಂಟು. ಕಲ್ಲು ಮುಳುಗಿದಷ್ಟು ವೈನು ಮೇಲೇರುತ್ತದೆ, ಗಾಳಿಗೆ ಜಾಗವಿರುವುದಿಲ್ಲ. ಆದರೆ ಹಾಕುವುದು ಗುಡ್ಡದ ಕೆಳಗಿನ ತಾನಾರೋ ಎಂಬ ಹೊಳೆಯ ಕರೀ ಗುಂಡುಕಲ್ಲು. ತೋಟದ ಬಿಳಿ ಕಲ್ಲನ್ನು ಯಾರೂ ಹಾಕುವುದಿಲ್ಲ, ಹುಳಿ ಅದನ್ನು ತಿನ್ನುತ್ತದೆ, ಅದು ಹುಳಿಯನ್ನು ತಿನ್ನುತ್ತದೆ. ಅದರ ಮೇಲೆ ವಿನೆಗರ್ ಹನಿಸಿ ನೊರೆ ಬರುವುದನ್ನು ನೋಡುವುದು ಇಲ್ಲಿ ಮಕ್ಕಳ ಆಟ.

ಅದೇ ವೈನು ಯಾಕೆ ಉಳಿಯಲಿಲ್ಲ ಅನ್ನುವುದಕ್ಕೂ ಅವಳು ತಡಕಾಡಬೇಕಾಗಿರಲಿಲ್ಲ. ಭಾನುವಾರದ ಇಸ್ಪೀಟಿಗೆ ಬಂದವರಿಗೆಲ್ಲ ಗೌದೆನ್ಸಿಯೋ ಹೂಜಿ ಹಿಡಿದು ಮೇಲೆ ಬರುತ್ತಿದ್ದ. “ಮೊಮ್ಮಗಳದು, ಒಂದೇ ಗುಟುಕು” ಅನ್ನುತ್ತಿದ್ದ. ಹೊಗಳಿದವನಿಗೆ ಇನ್ನೊಂದು ಗುಟುಕು. ಬುಡ್ಡಿಗಳು ಬರಿದಾದವು, ಪೀಪಾಯಿಯೊಳಗಿನ ಮಟ್ಟ ಇಳಿಯಿತು. ಬೇರೆ ವರ್ಷದ್ದು ಹಾಕಿದರೆ ಪ್ರತಿಜ್ಞೆ ಮುರಿಯುತ್ತದೆ. ಹೊಳೆಯಿಂದ ಕಲ್ಲು ತಂದರೆ ಗಾಡಿ ಊರ ನಡುವೆ ಬರಬೇಕು, ಎಲ್ಲರೂ ಯಾಕೆಂದು ಕೇಳುತ್ತಾರೆ. ತೋಟದ ಕಲ್ಲಾದರೆ ಬಗ್ಗಿದರೆ ಸಾಕು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ಮೊಮ್ಮಗಳ ವೈನನ್ನು ಊರಿಗೆ ಕುಡಿಸಿ, ಪಾಪವನ್ನು ಅದೇ ಮೊಮ್ಮಗಳ ಮೈಗೆ ಒರೆಸಿದ್ದ.

ಮೇಲೆ ಕಾರು ನಿಂತ ಸದ್ದಾಯಿತು. ಸಂತೆಯಲ್ಲಿ ಸಿಕ್ಕ ಕ್ಲೆಮೆಂತೆಯ ಕಾರಿನಲ್ಲಿ ಗೌದೆನ್ಸಿಯೋ ಬೇಗನೆ ಬಂದುಬಿಟ್ಟಿದ್ದ. ಇಬ್ಬರೂ ಮಾತಾಡುತ್ತ ನೆಲಮಾಳಿಗೆಗೆ ಇಳಿದರು. ಕಿಂಡಿಯಿಂದ ಒಂದು ಬಿಳಿ ಕಲ್ಲು ಹೊರಬಂದು ಉರುಳುತ್ತ ಮುದುಕನ ಬೂಟಿಗೆ ತಾಗಿ ನಿಂತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಒಂದರ ಮೇಲೊಂದು.

“ಯಾರದು ಒಳಗೆ?”

“ನಿಮ್ಮ ಸೊಸೆ ಮಾವ,” ಎಂದಿತು ಪೀಪಾಯಿ. ಒಳಗಿನ ದನಿಗೆ ಗುಡುಗಿನ ತೂಕವಿತ್ತು. “ಎಣಿಸ್ಕೊಳ್ಳಿ, ನಿಮ್ಮವೇ.”

ಕ್ಲೆಮೆಂತೆ ಬಗ್ಗಿ ಒಂದನ್ನು ಎತ್ತಿ ಉಗುರಿನಿಂದ ಕೆರೆದ. “ಬಿಳಿ ಕಲ್ಲು,” ಅಂದ ನಿಧಾನವಾಗಿ. “ಗೌದೆನ್ಸಿಯೋ, ಎಳೇ ಮಗುವೂ ಇದನ್ನ ಹಾಕಲ್ಲವಲ್ಲೋ.”

“ನಾನ್ಯಾಕೆ ಹಾಕ್ಲಿ? ಯಾರೋ ಆಗದವರು ಮಾಡಿದಾರೆ. ಈ ಹುಡುಗೀನೇ ಆಟಕ್ಕೆ...”

“ಸಾಕು ಮಾಡ್ರೀ.”

ಮೆಟ್ಟಿಲ ಮೇಲೆ ಮಾರ್ಚೆಲ್ಲಿನಾ ನಿಂತಿದ್ದಳು, ಕೈಯಲ್ಲಿ ಪೊಲೆಂತ ತಿರುವುವ ಕೋಲು. ಅವಳ ಹಿಂದೆ ಮಿರೆಲ್ಲಾ.

“ಆ ಕಲ್ಲು ತೊಳೆದು ಕೊಟ್ಟಿದ್ದು ನಾನು,” ಎಂದಳು ಮುದುಕಿ. “ತಾಮ್ರದ ಪಾತ್ರೆಲಿ, ಬಿಸಿನೀರು ಹಾಕಿ. ಮೂರು ಚಳಿಗಾಲದಿಂದ. ಹೊಳೆ ಕಲ್ಲು ತನ್ನಿ ಅಂದೆ. ಬಾಯ್ಮುಚ್ಚು ಅಂದ್ರು. ಮುಚ್ಚಿದೆ.”

ಒಳಗಿನಿಂದ ಸವೇರಿಯಾ ಕೇಳಿದಳು, “ಅತ್ತೆ, ಈ ಮಗು ಬೇಕರಿಯಿಂದ ಬಂದು ಅತ್ತಾಗ ನೀವೆಲ್ಲಿದ್ರಿ?”

“ಒಲೆ ಮುಂದೆ ಇದ್ದೆ.”

“ಕಲ್ಲು ತೊಳೆದ ಕೈಲೇ ಅವಳಿಗೆ ಬಡಿಸಿದ್ರಿ.”

ಮಾರ್ಚೆಲ್ಲಿನಾ ಕೈಯಲ್ಲಿದ್ದ ಕೋಲನ್ನು ಮೆಟ್ಟಿಲ ಮೇಲಿಟ್ಟಳು.

“ಹೊರಗೆ ಬಾ ನೀನು ಮೊದಲು,” ಎಂದು ಗೌದೆನ್ಸಿಯೋ ಪೀಪಾಯಿಗೆ ಒದ್ದ.

“ಬರಲ್ಲ. ಬೇಕಾದ್ರೆ ನೀವೇ ಒಳಗೆ ಬನ್ನಿ.”

ಕ್ಲೆಮೆಂತೆಗೆ ನಗು ತಡೆಯಲಾಗಲಿಲ್ಲ. ಮು‌ದುಕನ ಕಿವಿ ಕೆಂಪಾಯಿತು. “ಎವಾಸಿಯೋ, ಎಳಿಯೋ ನಿನ್ನ ಹೆಂಡತೀನ.”

“ನನ್ನ ಭುಜ ಹಿಡಿಸಲ್ಲಪ್ಪ.”

“ಮಿರೆಲ್ಲಾ, ನೀನು ಹೋಗು. ನಿಮ್ಮಮ್ಮನ್ನ ಕರ್ಕೊಂಡು ಬಾ.”

ಮಿರೆಲ್ಲಾ ಮೆಟ್ಟಿಲ ಮೇಲೇ ಕೂತಳು. “ನಾನು ನೆಲಮಾಳಿಗೆಗೆ ಕಾಲಿಡಬಾರದಲ್ಲ ತಾತ. ವೈನು ಕೆಡುತ್ತೆ.”

“ಹೌದೇನು? ಸರಿ. ಕೀಲಿ ಕೊಡೋ ಇಲ್ಲಿ. ಬೀಗ ಜಡೀತೀನಿ. ಹೊಟ್ಟೆ ಚುರುಗುಟ್ಟಿದ್ರೆ ತಾನೇ ಬರ್ತಾಳೆ.”

ಎವಾಸಿಯೋ ಕೈಯಲ್ಲಿದ್ದ ಕೀಲಿ ನೋಡಿದ. ಅಷ್ಟು ದೊಡ್ಡ ಕೀಲಿ ಇಷ್ಟು ಹೊತ್ತು ಅವನ ಕೈಯಲ್ಲಿದೆ ಅನ್ನುವುದನ್ನು ಎಲ್ಲರೂ ಮರೆತಿದ್ದರು, ಅವನೂ ಮರೆತಿದ್ದ. ಈ ಮನುಷ್ಯನ ಬಗ್ಗೆ ನನಗೆ ಯಾವತ್ತೂ ಒಳ್ಳೆಯ ಮಾತು ಬಂದಿಲ್ಲ. ಮನೆಯಲ್ಲಿ ಇದ್ದೂ ಇಲ್ಲದ ಹಾಗೆ ಬದುಕಿದವನು. ಆದರೆ ಅವತ್ತು ಅವನು ಅಪ್ಪನ ಚಾಚಿದ ಕೈಯನ್ನು ದಾಟಿ ಹೋಗಿ, ಮಂಡಿಯೂರಿ, ಕಿಂಡಿಯೊಳಗೆ ತೋಳು ತೂರಿಸಿದ.

“ಸವೇರಿಯಾ, ತಗೋ.”

ಕೀಲಿ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿಸಿತು. ಈಗ ಆ ಮನೆಯ ನೆಲಮಾಳಿಗೆಯ ಕೀಲಿ ಇಬ್ಬರು ಹೆಂಗಸರು ಮಾತ್ರ ತಲುಪಬಹುದಾದ ಜಾಗದಲ್ಲಿತ್ತು.

“ನೀನು ನನ್ನ ಮಗನೇ ಅಲ್ಲ,” ಎಂದ ಗೌದೆನ್ಸಿಯೋ.

“ಇರ್ಬೋದು,” ಎಂದ ಎವಾಸಿಯೋ. “ಆದ್ರೆ ಅವಳ ಅಪ್ಪ ನಾನೇ. ಇಷ್ಟು ದಿನ ಆ ಕೆಲಸ ಮಾಡ್ಲಿಲ್ಲ.”

“ಮಾವ, ಕೇಳಿ,” ಎಂದಿತು ಒಳಗಿನ ದನಿ. “ನೀವು ಹುಡುಗಿ ಮೇಲೆ ಆಡಿದ್ದು ಕ್ಲೆಮೆಂತೆಯವರ ಮುಂದೆ. ಈಗ್ಲೂ ಅವರಿದಾರೆ. ಯಾರು ಕೆಡಿಸಿದ್ದು, ಅವರ ಮುಂದೇನೇ ಹೇಳಿ. ಎರಡನೇದು, ಸೋಮವಾರ ಇವರು ಹೋಗಿ ಸ್ಕೂಲಿಗೆ ಹೆಸರು ಬರೆಸ್ತಾರೆ. ನೀವು ಉಸಿರೆತ್ತಬಾರದು. ಇಲ್ಲಾಂದ್ರೆ ನಾನು ಇಲ್ಲೇ ಇರ್ತೀನಿ. ನಾಳಿದ್ದು ದ್ರಾಕ್ಷಿ ಬಂದ್ರೆ ನನ್ನ ಸಮೇತ ತುಳೀರಿ.”

ಗೌದೆನ್ಸಿಯೋ ಸುತ್ತ ನೋಡಿದ. ಹೆಂಡತಿ ಅವನನ್ನು ನೋಡಲಿಲ್ಲ. ಮಗ ನೋಡಲಿಲ್ಲ. ದಲ್ಲಾಳಿ ಮಾತ್ರ, ಇವತ್ತಿನ ಸುದ್ದಿಗೆ ಒಳ್ಳೆ ಬೆಲೆ ಸಿಗುತ್ತದೆ ಅನ್ನುವವನ ಹಾಗೆ, ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಮುದುಕ ತೊಟ್ಟಿಯ ಅಂಚಿನ ಮೇಲೆ ಕೂತ.

“ಕಲ್ಲು ಹಾಕಿದ್ದು ನಾನು,” ಅಂದ.

“ಕೇಳಿಸ್ಲಿಲ್ಲ. ಮರ ದಪ್ಪ ಇದೆ.”

“ನಾನು ಹಾಕಿದೆ. ವೈನು ಕೆಡಿಸಿದ್ದು ನಾನು. ಹುಡುಗಿ ಅಲ್ಲ.” ಬೂಟಿನ ಬಳಿಯ ಕಲ್ಲನ್ನು ಕಾಲಿನಿಂದ ಸರಿಸಿದ. “ಎಲ್ರಿಗೂ ಒಂದೊಂದು ಗುಟುಕು ಕೊಟ್ಟಿದ್ದು ಅಷ್ಟೇ. ಇಷ್ಟು ಖಾಲಿಯಾಗುತ್ತೆ ಅಂತ ನನಗೇ ತಿಳೀಲಿಲ್ಲ.”

“ಕ್ಲೆಮೆಂತೆಯವರೇ, ಕೇಳಿಸ್ತಾ?”

“ಕೇಳಿಸ್ತಮ್ಮ.”

“ಇದನ್ನೂ ಊರಿಗೆ ಹೇಳಿ. ಅದನ್ನ ಹೇಳಿದ್ದು ನೀವೇ ತಾನೇ? ಬೇಕರಿಯಿಂದ ಶುರು ಮಾಡಿ.”

ಕ್ಲೆಮೆಂತೆಯ ನಗು ಅಲ್ಲಿಗೆ ನಿಂತಿತು. ಕಲ್ಲನ್ನು ಕೆಳಗಿಟ್ಟು ಕೈ ಒರೆಸಿಕೊಂಡ.

ಸವೇರಿಯಾಳ ತಲೆ ಕಿಂಡಿಯಲ್ಲಿ ಕಾಣಿಸಿತು. ಕೂದಲ ತುಂಬ ಬಿಳಿ ಕೆಸರು. ಭುಜ ಸಿಕ್ಕಿಕೊಂಡಿತು. ಗೌದೆನ್ಸಿಯೋ ಎದ್ದು ಕೈ ಚಾಚಿದ. ಅವಳು ಆ ಕೈ ನೋಡಿದಳು, ಹಿಡಿಯಲಿಲ್ಲ. ನುಲಿದು, ತರಚಿಕೊಂಡು, ತಾನೇ ಹೊರಬಂದಳು. ಭುಜದಿಂದ ರಕ್ತ ಜಿನುಗುತ್ತಿತ್ತು.

“ಇನ್ನೊಂದಿದೆ ಮಾವ,” ಎಂದಳು, ಕೀಲಿಯನ್ನು ಎಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತ. “ಸ್ಟೇಷನ್ನಲ್ಲಿ ಅಳತೆ ತಗೊಂಡ್ರಲ್ಲ, ಆ ಕೋಟು. ನನಗೆ ಬೇಡ ಈಗ. ಚಳಿಲಿ ಬಸ್ಸಲ್ಲಿ ಹೋಗೋಳು ಇವಳು. ಇವಳಿಗೆ ಕೊಡಿಸಿ.”

ಮುದುಕ ದಾರದ ಸಂಗತಿ ಅವಳಿಗೆ ತಿಳಿದಿರಲಾರದು ಎಂದು ಅಷ್ಟು ವರ್ಷ ನಂಬಿದ್ದ, ಪಾಪ.

ಆ ಮಧ್ಯಾಹ್ನ ಮಾರ್ಚೆಲ್ಲಿನಾ ಎರಡು ಮೊಟ್ಟೆ ಹುರಿದು ಮೊಮ್ಮಗಳ ಮುಂದಿಟ್ಟಳು. ಮಿರೆಲ್ಲಾ ತಿಂದಳು, ಅಜ್ಜಿಯ ಜೊತೆ ಮಾತಾಡಲಿಲ್ಲ. ಕೊಯ್ಲು ಮುಗಿಯುವವರೆಗೂ ಮಾತಾಡಲಿಲ್ಲ. ಸವೇರಿಯಾ ಮಗಳಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಗೌದೆನ್ಸಿಯೋ ಊಟದ ಹೂಜಿ ತುಂಬಬೇಕಾದಾಗ ಸೊಸೆಯನ್ನು ನೇರವಾಗಿ ಕೇಳಲಾರದೆ, “ಕೀಲಿ ಎಲ್ಲೋ ಇತ್ತಲ್ಲ” ಎಂದು ಗೋಡೆಯನ್ನು ಕೇಳುತ್ತಿದ್ದ. ಗೋಡೆ ಕೊಡುತ್ತಿರಲಿಲ್ಲ, ಸವೇರಿಯಾ ತಾನೇ ಹೋಗಿ ತುಂಬಿಸಿ ತರುತ್ತಿದ್ದಳು. ಅದು ತಿಂಗಳ ಆ ದಿನವೋ ಅಲ್ಲವೋ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಕುಡಿಯುತ್ತಿದ್ದ.

ಎವಾಸಿಯೋ ಆ ಸೋಮವಾರವೇ ಶಾಲೆಗೆ ಹೆಸರು ಬರೆಸಿ ಬಂದಿದ್ದ. ಅಕ್ಟೋಬರಿನ ಮೊದಲ ಶನಿವಾರ ಮುದುಕ, ಸೊಸೆ, ಮೊಮ್ಮಗಳು ಮೂವರೂ ಆಲ್ಬಾಕ್ಕೆ ಹೋದರು. ಸಂತೆಯ ಪಕ್ಕದ ಬಟ್ಟೆ ಅಂಗಡಿಯಲ್ಲಿ ಗೌದೆನ್ಸಿಯೋ ಟೋಪಿ ಕೈಯಲ್ಲಿ ಹಿಡಿದು ನಿಂತ. ಅಂಗಡಿಯವನು ನೀಲಿ ಉಣ್ಣೆಯ ಕೋಟುಗಳನ್ನು ಹರಡಿ ಅಳತೆ ಕೇಳಿದ. ಮುದುಕ ಮಿರೆಲ್ಲಾಳ ಬೆನ್ನು ನೋಡಿ, ರೂಢಿಯಂತೆ, ಯೋಚಿಸದೆ ಅಂದುಬಿಟ್ಟ: “ಚಿಕ್ಕದೇ ಸಾಕು. ಅವಳ ಭುಜ ಅವಳಮ್ಮನ ಥರ, ಸಣ್ಣದು.”

ಸವೇರಿಯಾ ಚಿಕ್ಕ ಕೋಟನ್ನು ಎತ್ತಿ ಪಕ್ಕಕ್ಕಿಟ್ಟಳು.

“ದೊಡ್ಡದು ಕೊಡಿ,” ಅಂದಳು ಅಂಗಡಿಯವನಿಗೆ. “ಭುಜದಲ್ಲಿ ಇನ್ನೂ ದೊಡ್ಡದಿದ್ರೆ ಅದನ್ನ ಕೊಡಿ. ಬೆಳೆಯೋ ಹುಡುಗಿ.”